ಹಾಲ್‌ಗೆ 600×1200 ವಿಟ್ರಿಫೈಡ್, ಅಡುಗೆ ಕಟ್ಟೆಗೆ ಪೋರ್ಸಲೇನ್ ಸ್ಲ್ಯಾಬ್: ಸಿಮೆಂಟ್ ಹಾಲಿನ ಮೇಲೆ ಕೂರಿಸಿದರೆ ನಿಲ್ಲುತ್ತಾ?

ಪ್ರಶ್ನೆ: ತುಮಕೂರು_ಹೊಸಮನೆ

40×60 ಸೈಟು, ಕೆಳಗೆ ಪಾರ್ಕಿಂಗ್, ಮನೆ ಮೊದಲನೇ ಮಹಡಿಯಲ್ಲಿ. ಸೆಂಟ್ರಿಂಗ್ ಬಿಚ್ಚಿ 4 ತಿಂಗಳಾಯಿತು, ಪ್ಲಾಸ್ಟರಿಂಗ್ ಮುಗಿದಿದೆ, ಈಗ ನೆಲದ ಕೆಲಸ. ಹಾಲ್ ಮತ್ತು ಊಟದ ಜಾಗ ಸೇರಿ 20 ಅಡಿ ಅಗಲ, 32 ಅಡಿ ಉದ್ದ, ನಡುವೆ ಗೋಡೆ ಇಲ್ಲ. ಅಲ್ಲಿಗೆ 600×1200 ಅಳತೆಯ 9 ಎಂಎಂ ಜಿವಿಟಿ (ಮೇಲೆ ಗಾಜಿನಂಥ ಮೆರುಗಿರುವ ವಿಟ್ರಿಫೈಡ್ ಟೈಲ್ಸ್) ನೋಡಿದ್ದೇವೆ, ಗುಜರಾತಿನ ಮೊರ್ಬಿ ಮಾಲು.

ಟೈಲ್ಸ್ ಮೇಸ್ತ್ರಿ 1:6 ಗಾರೆ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಹಾಸಿ, ಮೇಲೆ ಸಿಮೆಂಟ್ ಹಾಲು (ನೀರಲ್ಲಿ ತೆಳುವಾಗಿ ಕಲಸಿದ ಬರೀ ಸಿಮೆಂಟ್) ಬಿಟ್ಟು, ಟೈಲ್ಸ್ ಕೂರಿಸಿ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಸಾಕು, ಗಮ್ (ಟೈಲ್ಸ್ ಅಂಟಿಸಲೆಂದೇ ಚೀಲದಲ್ಲಿ ಬರುವ ಅಂಟುಪುಡಿ) ದಂಡದ ಖರ್ಚು ಅನ್ನುತ್ತಿದ್ದಾರೆ. ಅಂಗಡಿಯವರು ಜಾಯಿಂಟ್ ಫ್ರೀ, ಅಂದರೆ ನಡುವೆ ಸಂದು ಬಿಡದೆ ಹಾಕಿಸಿ, ಒಂದೇ ಹಾಸಿನ ಹಾಗೆ ಕಾಣುತ್ತೆ ಅಂತಾರೆ. ಇವೆರಡೂ ಸರಿಯೇ?

ಅಡುಗೆ ಕಟ್ಟೆ L ಆಕಾರ: ಮೂಲೆ ಸೇರಿಸಿ ಒಂದು ಕಡೆ 11 ಅಡಿ, ಇನ್ನೊಂದು ಕಡೆ 7 ಅಡಿ, 2 ಅಡಿ ಅಗಲ. ಕರಿ ಗ್ರಾನೈಟ್ ಬದಲು 15 ಎಂಎಂ ಪೋರ್ಸಲೇನ್ ಸ್ಲ್ಯಾಬ್ ಹಾಕಿಸುವ ಮನಸ್ಸಿದೆ. ಮುದ್ದೆ ತಿರುವೋದು, ಕಾಯಿ ಒಡೆಯೋದು, ಒಗ್ಗರಣೆ, ಅರಿಶಿನ ಎಲ್ಲ ನಡೆಯುವ ಅಡುಗೆಮನೆ. ತಡೆಯುತ್ತಾ? ಬಚ್ಚಲುಮನೆ ನೆಲಕ್ಕೂ ಇದೇ ದೊಡ್ಡ ಟೈಲ್ಸ್ ಹಾಕಬಹುದಾ? ಹೊಳಪಿನದೋ ಮ್ಯಾಟೋ? ಕೆಲಸ ಗೊತ್ತಿರುವವರು ಬಿಡಿಸಿ ಹೇಳಿ.

---

ಉತ್ತರ: ಸೈಟ್_ಇಂಜಿನಿಯರ್_ಬೆಂಗಳೂರು

ನೆಲದ ವಿಷಯ ಮಾತ್ರ ಹೇಳುತ್ತೇನೆ. ಅಡುಗೆ ಕಟ್ಟೆಗೆ ಸ್ಲ್ಯಾಬ್ ಕತ್ತರಿಸುವವರೇ ಬರೆಯಲಿ.

ನಿಮ್ಮ ಮೇಸ್ತ್ರಿ ಹೇಳುವ ಪದ್ಧತಿ ಮೊಸಾಯಿಕ್‌ಗೆ, ಶಹಾಬಾದ್ ಕಲ್ಲಿಗೆ, ಹಳೆಯ ಮಣ್ಣಿನ ಟೈಲ್ಸ್‌ಗೆ ಸರಿಯಾಗಿತ್ತು. ಅವು ನೀರು ಕುಡಿಯುತ್ತವೆ. ಸಿಮೆಂಟ್ ಹಾಲು ಅವುಗಳ ಬೆನ್ನಿನ ಸಣ್ಣ ರಂಧ್ರಗಳಿಗೆ ಇಳಿದು, ಅಲ್ಲೇ ಗಟ್ಟಿಯಾಗಿ ಬೇರು ಬಿಟ್ಟ ಹಾಗೆ ಹಿಡಿಯುತ್ತದೆ. ನಿಮ್ಮ ವಿಟ್ರಿಫೈಡ್ ಟೈಲ್ಸ್ ಅಂದರೆ ಪೋರ್ಸಲೇನ್, ಅದರ ಕಥೆಯೇ ಬೇರೆ. ಜೇಡಿ, ಫೆಲ್ಡ್‌ಸ್ಪಾರ್, ಸ್ಫಟಿಕ ಶಿಲೆಯ ಪುಡಿಯನ್ನು ಭಾರಿ ಒತ್ತಡದಲ್ಲಿ ಒತ್ತಿ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಫೆಲ್ಡ್‌ಸ್ಪಾರ್ ಕರಗಿ, ಗಾಜಿನಂತಾಗಿ, ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಐಎಸ್‌ಒ 13006 ಪ್ರಕಾರ ಈ ವರ್ಗದ ಟೈಲ್ಸ್ ಹೀರುವ ನೀರು ತೂಕದ 0.5 ಶೇಕಡಾ ಮೀರಬಾರದು. ಇಷ್ಟು ಬಿಗಿಯಾದ ಬೆನ್ನಿಗೆ ಸಿಮೆಂಟ್ ಹಾಲು ಅಂಟುವುದಿಲ್ಲ, ಬರೀ ಒರಗಿಕೊಂಡಿರುತ್ತದೆ. ಕಿತ್ತು ಬಂದ ಟೈಲ್ಸ್ ತಿರುಗಿಸಿ ನೋಡಿ: ಬೆನ್ನು ತೊಳೆದ ತಟ್ಟೆಯಷ್ಟು ಚೊಕ್ಕವಾಗಿರುತ್ತದೆ, ಸಿಮೆಂಟೆಲ್ಲ ಕೆಳಗೇ ಉಳಿದಿರುತ್ತದೆ.

ಅಂಟದಿದ್ದರೂ ಭಾರದ ಮೇಲೆ ಕೂತಿರುತ್ತದಲ್ಲ ಅನ್ನಬಹುದು. ತೊಂದರೆ ಶುರುವಾಗುವುದು ಕಾಂಕ್ರೀಟು ಕುಗ್ಗುವಾಗ. ಹೊಸ ಕಾಂಕ್ರೀಟು ಒಣಗುತ್ತಾ ಮೀಟರಿಗೆ ಸುಮಾರು 0.3ರಿಂದ 0.5 ಎಂಎಂ ಕುಗ್ಗುತ್ತದೆ, ಈ ಕುಗ್ಗುವಿಕೆ ತಿಂಗಳುಗಟ್ಟಲೆ ನಡೆಯುತ್ತದೆ. ಪೋರ್ಸಲೇನ್ ಕುಗ್ಗುವುದೇ ಇಲ್ಲ. ಅದರ ಮೇಲೆ ಚಳಿಗಾಲದ ರಾತ್ರಿ: ತಾಪ ಇಳಿದಾಗ ಕಾಂಕ್ರೀಟು ಪೋರ್ಸಲೇನ್‌ಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಸಂಕುಚಿಸುತ್ತದೆ. ಕೆಳಗಿನ ನೆಲ ಚಿಕ್ಕದಾಗುತ್ತಿದೆ, ಮೇಲಿನ ಹಾಸು ಚಿಕ್ಕದಾಗಲು ಒಪ್ಪುತ್ತಿಲ್ಲ. ಟೈಲ್ಸ್ ಒಂದನ್ನೊಂದು ಒತ್ತಿ ಒತ್ತಿ, ಹಿಡಿತ ಎಲ್ಲಿ ಸಡಿಲವೋ ಅಲ್ಲಿ ಎರಡು ಟೈಲ್ಸ್ ಗುಡಾರದ ಹಾಗೆ ಎದ್ದು ನಿಲ್ಲುತ್ತವೆ. ಜಾಯಿಂಟ್ ಫ್ರೀ ಹಾಕಿದ್ದರೆ ಆ ಒತ್ತಡಕ್ಕೆ ಒಂದಿಷ್ಟೂ ಬಿಡುವಿಲ್ಲ. ಹಾಗಾಗಿ ನಿಮ್ಮ ಎರಡೂ ಪ್ರಶ್ನೆಗೆ ಕಾರಣ ಒಂದೇ, ಉತ್ತರವೂ ಒಂದೇ: ಎರಡೂ ಬೇಡ.

ಸರಿಯಾದ ಕ್ರಮ ಹೀಗೆ. ಕಾಂಕ್ರೀಟಿನ ಮೇಲಿನ ಧೂಳು, ಪ್ಲಾಸ್ಟರ್ ಉದುರಿದ್ದೆಲ್ಲ ಕೆರೆದು ತೊಳೆಯಿರಿ. ಸಿಮೆಂಟ್ ಹಾಲನ್ನು ಬ್ರಷ್‌ನಲ್ಲಿ ಉಜ್ಜಿ (ಇಲ್ಲಿ ಅದಕ್ಕೆ ಕೆಲಸವಿದೆ), ಅದು ಒಣಗುವ ಮುಂಚೆ 1:4 ಸಿಮೆಂಟ್, ಎಂ ಸ್ಯಾಂಡ್ ಗಾರೆಯನ್ನು 40ರಿಂದ 50 ಎಂಎಂ ದಪ್ಪ ಹಾಸಿಸಿ. 1:6 ಮೇಲ್ಮೈ ಪುಡಿ ಪುಡಿಯಾಗಿರುತ್ತದೆ. ಗಮ್ ಟೈಲ್ಸಿಗೆ ಗಟ್ಟಿಯಾಗಿ ಹಿಡಿದರೂ ಕೆಳಗಿನ ಗಾರೆಯೇ ಸೀಳಿಕೊಂಡು ಬರುತ್ತದೆ. 7 ದಿನ ನೀರು ಹಾಕಿ, ಆಮೇಲೆ ಒಣಗಲು ಬಿಡಿ. ಒಟ್ಟು 28 ದಿನ ಸಿಕ್ಕರೆ ಒಳ್ಳೆಯದು. 2 ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು ನೋಡಿದಾಗ ಕೆಳಗಿನ ಸಂದು 3 ಎಂಎಂ ಮೀರಬಾರದು. ತಗ್ಗಿದ್ದರೆ ಮೊದಲೇ ತುಂಬಿಸಿ. ಗಮ್ ದಪ್ಪ ಹಾಕಿ ಮಟ್ಟ ಸರಿಮಾಡಲು ಹೋದರೆ ಅದು ಒಣಗುವಾಗ ಕುಗ್ಗಿ ಟೈಲ್ಸನ್ನು ಕೆಳಕ್ಕೆಳೆದು ಅಂಚು ಏರುಪೇರು ಮಾಡುತ್ತದೆ.

ಗಾರೆ 45, ಗಮ್ 5, ಟೈಲ್ಸ್ 9, ಒಟ್ಟು ಸುಮಾರು 60 ಎಂಎಂ. ಬಾಗಿಲಿನ ಕೆಳಭಾಗ, ಮೆಟ್ಟಿಲಿನ ಕೊನೆಯ ಹೆಜ್ಜೆ, ಬಚ್ಚಲುಮನೆ ಹೊಸ್ತಿಲು ಮೂರನ್ನೂ ಈಗಲೇ ಲೆಕ್ಕ ಹಾಕಿ.

ಗಮ್ ಚೀಲದ ಮೇಲೆ ಐಎಸ್ 15477 ಟೈಪ್ 3 ಅಂತ ಇರಲಿ. ಯುರೋಪಿನ ಗುರುತು ಇದ್ದರೆ ಸಿ2 ಟಿಇ, ಅದರ ಜೊತೆ ಎಸ್1 ಇದ್ದರೆ ಇನ್ನೂ ಒಳ್ಳೆಯದು. ಸಿ2 ಅಂದರೆ ಚದರ ಎಂಎಂಗೆ ಕನಿಷ್ಠ 1 ನ್ಯೂಟನ್ ಹಿಡಿತ. ಟಿ ಅಂದರೆ ಟೈಲ್ಸ್ ಜಾರದಂತೆ ಹಿಡಿಯುವ, ಇ ಅಂದರೆ ನಿಧಾನವಾಗಿ ಕೆನೆಗಟ್ಟುವ ಗುಣ. ಎಸ್1 ಅಂದರೆ ಮುರಿಯದೆ 2.5 ಎಂಎಂವರೆಗಾದರೂ ಬಾಗುವ ಗುಣ. ಕೆಳಗೆ ಪಾರ್ಕಿಂಗ್ ಇರುವ ಕಾಂಕ್ರೀಟ್ ಸ್ವಲ್ಪ ಬಾಗುತ್ತದೆ, ಹಾಗಾಗಿ ಎಸ್1ಗೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಲೆಕ್ಕ: 640 ಚದರಡಿ ಅಂದರೆ 59.5 ಚದರ ಮೀಟರ್. 5 ಎಂಎಂ ಹಾಸಿಗೆ ಚದರ ಮೀಟರಿಗೆ ಸುಮಾರು 7 ಕೆಜಿ. ಒಟ್ಟು 420 ಕೆಜಿ ಅಂದರೆ 20 ಕೆಜಿಯ 21 ಚೀಲ. ಒಂದೆರಡು ಹೆಚ್ಚಿಗೆ ತರಿಸಿ. ಚೀಲದ ಮೇಲೆ 50 ಚದರಡಿ ಬರುತ್ತೆ ಅಂತ ಬರೆದಿರುವುದು 3 ಎಂಎಂ ಹಾಸಿನ ಲೆಕ್ಕ, ಅದು ಈ ಅಳತೆಯ ಟೈಲ್ಸಿಗೆ ಸಾಲದು.

ಚೀಲದಲ್ಲಿ ಹೇಳಿದಷ್ಟೇ ನೀರು ಅಳೆದು ಹಾಕಿ, ಡ್ರಿಲ್‌ಗೆ ಕಡಗೋಲು ಸಿಕ್ಕಿಸಿ ಕಲಸಿ, 5 ನಿಮಿಷ ಬಿಟ್ಟು ಮತ್ತೆ ಕಲಸಬೇಕು. ಗಟ್ಟಿಯಾಗುತ್ತಿದೆ ಅಂತ ಮಧ್ಯೆ ನೀರು ಸೇರಿಸಿದರೆ ಆ ಬಕೆಟ್ ಕೆಟ್ಟ ಹಾಗೇ. ಟೈಲ್ಸನ್ನು ಡ್ರಮ್ಮಿನ ನೀರಲ್ಲಿ ನೆನೆಹಾಕುವ ಹಳೇ ಅಭ್ಯಾಸ ಇಲ್ಲಿ ಬೇಡ, ಅದು ಗೋಡೆಯ ಸೆರಾಮಿಕ್‌ಗೆ ಇದ್ದದ್ದು. ಬದಲಿಗೆ ಬೆನ್ನಿಗೆ ಅಂಟಿರುವ ಬಿಳೀ ಪುಡಿಯನ್ನು ಒದ್ದೆ ಸ್ಪಾಂಜಿನಲ್ಲಿ ಒರೆಸಿ ಆರಲು ಬಿಡಿ. ಭಟ್ಟಿಯ ರೋಲರಿಗೆ ಅಂಟದಿರಲಿ ಅಂತ ಬಳಿದ ಪುಡಿ ಅದು, ಗಮ್ಮನ್ನೂ ಹಾಗೇ ದೂರ ಇಡುತ್ತದೆ.

ನೆಲಕ್ಕೆ 10 ಅಥವಾ 12 ಎಂಎಂ ಚೌಕ ಹಲ್ಲಿನ ಕರಣೆ. ಗೆರೆಗಳು ಎಲ್ಲಾ ಒಂದೇ ದಿಕ್ಕಿಗೆ, ಟೈಲ್ಸಿನ 600ರ ಬದಿಗೆ ಸಮಾನಾಂತರವಾಗಿ ಇರಲಿ. ಸುತ್ತಿ ಸುತ್ತಿ ಎಳೆದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಟೈಲ್ಸಿನ ಬೆನ್ನಿಗೂ ಕರಣೆಯ ಚಪ್ಪಟೆ ಬದಿಯಿಂದ ತೆಳುವಾಗಿ ಸವರಿ, ಕೂರಿಸಿ, ಗೆರೆಗೆ ಅಡ್ಡಡ್ಡ ಹಿಂದೆ ಮುಂದೆ ಜರುಗಿಸಿ ಒತ್ತಿ. ಐದು ಕಡೆ ಗಮ್ ಉಂಡೆ ಇಟ್ಟು ಟೈಲ್ಸ್ ಕೂರಿಸುವುದನ್ನು ಕಂಡರೆ ಕೆಲಸ ನಿಲ್ಲಿಸಿ. ಉಂಡೆಗಳ ನಡುವಿನ ಟೊಳ್ಳಿನ ಮೇಲೆ ಸಿಲಿಂಡರ್ ಇಟ್ಟರೂ ಸಾಕು, ಬಿರುಕು ಬಿಡುತ್ತದೆ. ಬಿಸಿಲಿನ ದಿನ ಹಾಸಿದ ಗಮ್ಮಿನ ಮೇಲೆ ಬೇಗ ಕೆನೆಗಟ್ಟುತ್ತದೆ. ಬೆರಳಿಟ್ಟಾಗ ಅಂಟದಿದ್ದರೆ ಕೆರೆದು ಬಿಸಾಕಿ ಹೊಸದು ಹಾಕಬೇಕು.

ಸಂದು 2 ಎಂಎಂಗಿಂತ ಕಡಿಮೆ ಬೇಡ, 3 ಇದ್ದರೆ ನೆಮ್ಮದಿ. ಬಣ್ಣ ಹೊಂದಿಸಿದ ಗ್ರೌಟ್ (ಸಂದು ತುಂಬುವ ಪುಡಿ) ತುಂಬಿದರೆ ನಾಲ್ಕಡಿ ದೂರದಿಂದ ಕಾಣುವುದಿಲ್ಲ. 3 ಎಂಎಂ ಸಂದಿಗೆ ಇಡೀ ಹಾಲ್‌ಗೆ ಸುಮಾರು 6.5 ಕೆಜಿ ಗ್ರೌಟ್ ಸಾಕು. ಗೋಡೆಯ ಬುಡದಲ್ಲಿ ಸುತ್ತಲೂ 8 ಎಂಎಂ ಬಿಡಿ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ, ಆದರೆ ಆ ಸಂದಿಗೆ ಗಾರೆ ತುಂಬಬಾರದು. ಮೇಸ್ತ್ರಿಗಳು ಅಭ್ಯಾಸಬಲದಿಂದ ತುಂಬಿಬಿಡುತ್ತಾರೆ, ನಿಂತು ನೋಡಿ. 32 ಅಡಿ ಉದ್ದ ಅಂದರೆ 9.75 ಮೀಟರ್, ಇದಕ್ಕೆ ಮಧ್ಯದಲ್ಲಿ ಒಂದು ಅಡ್ಡ ಸಂದನ್ನು 5 ಎಂಎಂ ಇಟ್ಟು ಗ್ರೌಟ್ ಬದಲು ಪಾಲಿಯುರೆಥೇನ್ ಸೀಲೆಂಟ್ ತುಂಬಿ. ಹಾಲ್ ಮತ್ತು ಊಟದ ಜಾಗ ಸೇರುವ ಗೆರೆಗೆ ಅದನ್ನು ಹೊಂದಿಸಿದರೆ ವಿನ್ಯಾಸದ ಭಾಗದಂತೆ ಕಾಣುತ್ತದೆ.

ಇನ್ನೊಂದು: ಇಟ್ಟಿಗೆ ಜೋಡಣೆಯ ಹಾಗೆ ಅರ್ಧಕ್ಕೆ ಅರ್ಧ ಸರಿಸಿ ಹಾಕಬೇಡಿ. ಉದ್ದ ಟೈಲ್ಸಿನ ನಡು ಕೂದಲೆಳೆಯಷ್ಟು ಉಬ್ಬಿರುತ್ತದೆ. ಒಂದರ ನಡುವಿಗೆ ಇನ್ನೊಂದರ ತುದಿ ಬಂದರೆ ಆ ವ್ಯತ್ಯಾಸ ಕಾಲಿಗೆ ತಾಗುತ್ತದೆ. ಮೂರನೇ ಒಂದು ಭಾಗ ಮಾತ್ರ ಸರಿಸಿ, ಇಲ್ಲವೇ ನೇರ ಸಾಲು.

---

ಉತ್ತರ: ಸ್ಲ್ಯಾಬ್_ಕಟಿಂಗ್_ಜಿಗಣಿ

ಅಡುಗೆ ಕಟ್ಟೆಗೆ ಮೊದಲು ನೇರ ಮಾತು. ಕನಕಪುರ, ಚಾಮರಾಜನಗರದ ಕರಿ ಕಲ್ಲು ಕೈಗೆ ಸಿಗುವ ಊರಲ್ಲಿ, ಕಟ್ಟೆಯ ಮೇಲೇ ಕಾಯಿ ಒಡೆಯುವ ಮನೆಗೆ, ಗ್ರಾನೈಟ್ ಇವತ್ತಿಗೂ ಹೆಚ್ಚು ತಾಳುವ ವಸ್ತು. ಪೋರ್ಸಲೇನ್ ಸ್ಲ್ಯಾಬ್ ಗೆಲ್ಲುವುದು ಬೇರೆ ಕಡೆ: ಎಣ್ಣೆ, ನಿಂಬೆರಸ, ಹುಣಸೆ ಯಾವುದೂ ಒಳಗಿಳಿಯುವುದಿಲ್ಲ, ಸೀಲರ್ ಬಳಿಯುವ ಕೆಲಸವಿಲ್ಲ, ಬಿಸಿ ಬಾಣಲೆ ಇಟ್ಟರೆ ಕಲೆಯಾಗುವುದಿಲ್ಲ, ತಿಳಿ ಬಣ್ಣ ಬೇಕೆಂದರೆ ಅಮೃತಶಿಲೆಯ ನೋಟ ಅದರ ತಾಪತ್ರಯವಿಲ್ಲದೆ ಸಿಗುತ್ತದೆ. ಸೋಲುವುದು ಒಂದೇ ಜಾಗದಲ್ಲಿ, ಅಂಚಿನಲ್ಲಿ. ಕಲ್ಲಿಗಿಂತ ಇದು ಗಡಸು, ಆದರೆ ಗಾಜಿನ ಸ್ವಭಾವ. ಅಂಚಿಗೆ ಕುಕ್ಕರ್ ತಳವೋ ಒರಳಿನ ಗುಂಡೋ ತಗುಲಿದರೆ ಚಕ್ಕೆ ಹಾರುತ್ತದೆ.

ನಿಮ್ಮ ಅಳತೆಗೆ 3200×1600ರ ಒಂದು ಸ್ಲ್ಯಾಬ್ ಸಾಕಾಗುತ್ತದೆ, ಕತ್ತರಿಸುವ ಕ್ರಮ ಸರಿ ಇದ್ದರೆ. 11 ಅಡಿ ಅಂದರೆ 3353 ಎಂಎಂ, ಒಂದೇ ತುಂಡಲ್ಲಿ ಬರುವುದಿಲ್ಲ. ಆದ್ದರಿಂದ ಮೂಲೆಯನ್ನು 7 ಅಡಿಯ ಬದಿಗೆ ಕೊಡಿ. ಆಗ 7 ಅಡಿಯ ತುಂಡು 2134 ಎಂಎಂ, ಉದ್ದದ ಬದಿಯಲ್ಲಿ ಉಳಿಯುವುದು 9 ಅಡಿ, 2743 ಎಂಎಂ. ಒಂದೇ ಜೋಡಣೆ, ಅದೂ ಮೂಲೆಯ ಬಳಿ, ಸಿಂಕಿಗೂ ಒಲೆಗೂ ದೂರ. ಸ್ಲ್ಯಾಬಿನ ನಾಲ್ಕೂ ಅಂಚಿನಿಂದ ಮೊದಲು ಸುಮಾರು 20 ಎಂಎಂ ಪಟ್ಟಿ ಕತ್ತರಿಸಿ ತೆಗೆಯಬೇಕು. ಭಟ್ಟಿಯಿಂದ ಬಂದಾಗ ಒಳಗೆ ಉಳಿದ ಬಿಗಿತ ಸಡಿಲವಾಗುವುದು ಹಾಗೆ. ಇದನ್ನು ಬಿಟ್ಟು ನೇರ ನಡುವಿಗೆ ಬ್ಲೇಡ್ ಇಟ್ಟರೆ ಕತ್ತರಿಸುವಾಗಲೇ ಓರೆಯಾಗಿ ಸೀಳಿಕೊಳ್ಳುತ್ತದೆ. ಆಮೇಲೆ 630ರ ಎರಡು ಪಟ್ಟಿ ತೆಗೆದರೆ 290ರಿಂದ 300 ಎಂಎಂ ಅಗಲದ ಪಟ್ಟಿ ಉಳಿಯುತ್ತದೆ. ಮುಂಬದಿಯ ದಪ್ಪ ತೋರಿಸುವ ಪಟ್ಟಿ, ಗೋಡೆಗೆ ಏರಿಸುವ ಪಟ್ಟಿ ಎರಡೂ ಅದರಲ್ಲೇ ಹೊರಡಬೇಕು.

15 ಎಂಎಂ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 36 ಕೆಜಿ, ಇಡೀದು 180 ಕೆಜಿ ದಾಟುತ್ತದೆ. ಮೊದಲನೇ ಮಹಡಿಗೆ ಮೆಟ್ಟಿಲಲ್ಲಿ ಹೊತ್ತು ಸೈಟಿನಲ್ಲೇ ಗ್ರೈಂಡರ್ ಹಿಡಿದು ಕತ್ತರಿಸುತ್ತೇವೆ ಅನ್ನುವವರಿಗೆ ಈ ಕೆಲಸ ಕೊಡಬೇಡಿ. ಕಟ್ಟೆಯ ಅಳತೆಯನ್ನು ಹಾರ್ಡ್‌ಬೋರ್ಡಿನಲ್ಲಿ ನಕಲು ತೆಗೆದು, ಬ್ರಿಡ್ಜ್ ಕಟರ್ ಇರುವ ಕಾರ್ಖಾನೆಯಲ್ಲಿ ನೀರು ಹರಿಸುತ್ತಾ ಕತ್ತರಿಸಿ, ತುಂಡುಗಳನ್ನು ಅಂಚಿನ ಮೇಲೆ ನಿಲ್ಲಿಸಿಯೇ ಸಾಗಿಸಬೇಕು. ಬ್ಲೇಡ್ ಪೋರ್ಸಲೇನ್‌ನದೇ ಇರಲಿ, ಗ್ರಾನೈಟಿನ ಹಲ್ಲಿರುವ ಬ್ಲೇಡ್ ಅಂಚನ್ನು ಕಚ್ಚಿ ಕಿತ್ತುಹಾಕುತ್ತದೆ. ಒಳಗೆ ಹೋಗುವ ಮೊದಲ ಒಂದಡಿ, ಹೊರಬರುವ ಕೊನೆಯ ಒಂದಡಿ ಅರ್ಧ ವೇಗದಲ್ಲಿ.

ಅತಿ ಹೆಚ್ಚು ಒಡೆಯುವುದು ಒಲೆಯ ಕಿಂಡಿಯ ಮೂಲೆಯಲ್ಲಿ. ಕಾರಣ ಸರಳ: ಚೂಪಾದ ಒಳಮೂಲೆಗೆ ಎಲ್ಲ ಎಳೆತವೂ ಬಂದು ಸೇರುತ್ತದೆ, ಮೇಲಿಂದ ಒಲೆಯ ಶಾಖ. ಹಾಗಾಗಿ ಮೊದಲು ನಾಲ್ಕು ಮೂಲೆಯಲ್ಲಿ 10 ಎಂಎಂ ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ಕತ್ತರಿಸಬೇಕು. ಬ್ಲೇಡು ತೂತು ದಾಟಿ ಒಂದು ಗೀರು ಮುಂದೆ ಹೋದರೂ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಕಿಂಡಿಗೂ ಮುಂಬದಿ ಅಂಚಿಗೂ ನಡುವೆ ಕನಿಷ್ಠ 50 ಎಂಎಂ, ಸಾಧ್ಯವಾದರೆ 70 ಉಳಿಸಿ. ಒಲೆಗೂ ಕಿಂಡಿಯ ಅಂಚಿಗೂ ಸುತ್ತ 2, 3 ಎಂಎಂ ಸಡಿಲ ಇರಲಿ. ನಿಜ ಹೇಳಬೇಕೆಂದರೆ, ಮುದ್ದೆ ತಿರುವುವ ಮನೆಗೆ ಕಟ್ಟೆಯೊಳಗೆ ಇಳಿಬಿಡುವ ಒಲೆಯೇ ಬೇಡ. ಕೋಲು ಹಿಡಿದು ಒತ್ತಿ ತಿರುವುವ ಬಲವೆಲ್ಲ ಆ ಸಣ್ಣ ಪಟ್ಟಿಯ ಮೇಲೆ ಬೀಳುತ್ತದೆ. ಕಾಲಿನ ಮೇಲೆ ನಿಲ್ಲುವ ಒಲೆ ಇಟ್ಟರೆ ಕಿಂಡಿಯೇ ಇರುವುದಿಲ್ಲ.

ಕೆಳಗಿನ ಆಸರೆ: ಕಾಂಕ್ರೀಟ್ ಅಥವಾ ಕಡಪ ಕಲ್ಲಿನ ಹಾಸು ಇದ್ದರೆ ಅದರ ಮಟ್ಟವನ್ನು ರಸಮಟ್ಟದಲ್ಲಿ ನೋಡಿ ಮೊದಲೇ ಸಮ ಮಾಡಿ, ಸ್ಲ್ಯಾಬಿನ ಬೆನ್ನಿಗೆ ಪೂರ್ತಿ ಗಮ್ ತಾಗುವಂತೆ ಕೂರಿಸಿ. ಅಲ್ಲಲ್ಲಿ ಉಂಡೆ ಇಡುವ ಕ್ರಮ ಇಲ್ಲಂತೂ ಅಪಾಯ. ಸಿಂಕನ್ನು ಸ್ಲ್ಯಾಬಿಗೆ ಅಂಟಿಸಿ ನೇತುಹಾಕಬೇಡಿ. ನೀರು, ಪಾತ್ರೆ ತುಂಬಿದ ಸಿಂಕಿನ ಭಾರ ಕೆಳಗಿನ ಕಲ್ಲಿನ ಮೇಲೋ ಸ್ಟೀಲ್ ಚೌಕಟ್ಟಿನ ಮೇಲೋ ಕೂರಬೇಕು, ಸ್ಲ್ಯಾಬಿಗೂ ಅದಕ್ಕೂ ನಡುವೆ ಬರೀ ಸಿಲಿಕೋನ್.

ಮುಂದಿನ ಅಂಚನ್ನು 45 ಡಿಗ್ರಿಗೆ ಸೀಳಿ ಜೋಡಿಸಿ 40 ಎಂಎಂ ದಪ್ಪ ತೋರಿಸುವುದು ಈಗಿನ ರೂಢಿ. ಚೆಂದವೇ, ಆದರೆ ಕತ್ತಿಯ ಅಲಗಿನ ಹಾಗೆ ಚೂಪು ಬಿಡಿಸಬೇಡಿ. ಬಣ್ಣ ಹೊಂದಿಸಿದ ಎಪಾಕ್ಸಿ ತುಂಬಿ, ಮೇಲಂಚನ್ನು 2 ಎಂಎಂ ಉಜ್ಜಿ ಮೊಂಡು ಮಾಡಿಸಿ. ಹಣವಿದ್ದರೆ ಫುಲ್ ಬಾಡಿ ತೆಗೆದುಕೊಳ್ಳಿ, ಬಣ್ಣ ತಳದವರೆಗೂ ಇರುತ್ತದೆ. ಮೇಲೆ ಮಾತ್ರ ಮುದ್ರಿಸಿದ ಬಿಳಿ ಸ್ಲ್ಯಾಬಿನಲ್ಲಿ ಚಕ್ಕೆ ಹಾರಿದರೆ ಒಳಗಿನ ಬೇರೆ ಬಣ್ಣ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಮುಖ ನೋಡಿ ಮರುಳಾಗಬೇಡಿ, ಕತ್ತರಿಸಿದ ತುಂಡೊಂದನ್ನು ಕೇಳಿ ಬದಿ ನೋಡಿ.

ಕಾಯಿ ಒಡೆಯಲು, ಶುಂಠಿ ಜಜ್ಜಲು ಸಿಂಕಿನ ಪಕ್ಕ ಒಂದೂವರೆ ಅಡಿಯಷ್ಟು ಕರಿ ಗ್ರಾನೈಟ್ ತುಂಡು ಬೇರೆಯಾಗಿ ಇಟ್ಟುಬಿಡಿ. ಈಳಿಗೆಮಣೆ ಕಾಲಿಗೆ ರಬ್ಬರ್ ಬುಡ ಹಾಕಿ. ಚಾಕುವಿನಲ್ಲಿ ನೇರ ಸ್ಲ್ಯಾಬ್ ಮೇಲೆ ಹೆಚ್ಚಿದರೆ ಸ್ಲ್ಯಾಬಿಗೆ ಏನೂ ಆಗದು, ಚಾಕು ಮೊಂಡಾಗುತ್ತದೆ.

---

ಉತ್ತರ: ಕಡಲತಡಿ_ಉಡುಪಿ

ಹೊಳಪೋ ಮ್ಯಾಟೋ ಅಂತ ಕೇಳಿದ್ದೀರಿ. ಮೇಲ್ಮೈಯ ಗಾಜಿನಂಥ ಮೆರುಗು (ಗ್ಲೇಜ್) ಗಟ್ಟಿಯೇ, ಆದರೆ ಚಪ್ಪಲಿಗೆ ಅಂಟಿ ಬರುವ ಮರಳಿನ ಕಣ ಅದಕ್ಕಿಂತ ಗಟ್ಟಿ. ಪಿಜಿವಿಟಿಯಲ್ಲಿ (ಪಾಲಿಷ್ ಮಾಡಿದ ಹೊಳಪಿನ ಜಿವಿಟಿ) ಮುಂಬಾಗಿಲಿಂದ ಸೋಫಾವರೆಗಿನ ದಾರಿ ಮೂರು ನಾಲ್ಕು ವರ್ಷದಲ್ಲಿ ಮಂಕಾಗುವುದು ಇದರಿಂದ. ಕಡು ಬಣ್ಣದಲ್ಲಿ ಇನ್ನೂ ಹೆಚ್ಚು ಕಾಣುತ್ತದೆ. ಹೊಳಪೇ ಬೇಕೆಂದರೆ ಡಬಲ್ ಚಾರ್ಜ್ ತೆಗೆದುಕೊಳ್ಳಿ, ಅದರಲ್ಲಿ ಬಣ್ಣದ ಪದರವೇ 3, 4 ಎಂಎಂ ದಪ್ಪ ಉಂಟು. ಚಿತ್ರದ ಆಯ್ಕೆ ಕಡಿಮೆ, ಬಾಳಿಕೆ ಹೆಚ್ಚು. ಜಿವಿಟಿಯೇ ಆದರೆ ಸ್ಯಾಟಿನ್ ಅಥವಾ ಮ್ಯಾಟ್ ಒಳ್ಳೆಯದು. ತುಂಬಾ ಉಬ್ಬುತಗ್ಗಿನ ಕಾರ್ವಿಂಗ್ ಹಾಲ್‌ಗೆ ಬೇಡ, ತಗ್ಗಿನಲ್ಲಿ ಕೂತ ಕೊಳೆ ಒರೆಸಿದರೆ ಹೋಗುವುದಿಲ್ಲ.

ಕರಾವಳಿ, ಮಲೆನಾಡಿನವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಮಳೆ ಹಿಡಿಯುವ ಹೊತ್ತಿಗೆ ನೆಲ ಬೆವರುತ್ತದಲ್ಲ, ಅದು ಕೆಳಗಿನಿಂದ ಬಂದ ನೀರಲ್ಲ. ತಣ್ಣಗಿರುವ ನೆಲಕ್ಕೆ ತೇವದ ಗಾಳಿ ತಾಗಿ ನೀರಾಗುತ್ತದೆ. ರೆಡ್ ಆಕ್ಸೈಡ್ ನೆಲ, ಕೆಂಪು ಹೆಂಚಿನ ನೆಲ ಅದನ್ನು ಸ್ವಲ್ಪ ಹೀರಿಕೊಳ್ಳುತ್ತಿತ್ತು. ಪೋರ್ಸಲೇನ್ ಹೀರುವುದಿಲ್ಲ, ಹನಿ ಮೇಲೆಯೇ ನಿಲ್ಲುತ್ತದೆ, ಹೊಳಪಿನ ನೆಲವಾದರೆ ವಯಸ್ಸಾದವರು ಜಾರಿ ಬೀಳುತ್ತಾರೆ. ಇಂಥ ಊರಲ್ಲಿ ಆರ್10 ಗುರುತಿನ (ಜಾರದಿರುವ ಗುಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಜಾರುತ್ತದೆ) ಮ್ಯಾಟ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ, ಜಗಲಿ ಮತ್ತು ತೆರೆದ ಮೆಟ್ಟಿಲಿಗೆ ಆರ್11.

ಬಚ್ಚಲುಮನೆ ನೆಲಕ್ಕೆ 600×1200 ಹಾಕಲು ಹೋಗಬೇಡಿ. ನೀರು ಒಂದು ಮೂಲೆಯ ಜಾಲರಿಗೆ ಹೋಗಬೇಕೆಂದರೆ ನೆಲ ಎರಡು ಮೂರು ದಿಕ್ಕಿಗೆ ಇಳಿಜಾರಾಗಬೇಕು, ಅಷ್ಟು ದೊಡ್ಡ ಟೈಲ್ಸ್ ಬಾಗುವುದಿಲ್ಲ. ಕೊನೆಗೆ ನೀರು ಟೈಲ್ಸಿನ ನಡುವೆಯೇ ನಿಲ್ಲುತ್ತದೆ. 300×300 ಆರ್10 ಹಾಕಿ ಮೀಟರಿಗೆ 10ರಿಂದ 12 ಎಂಎಂ ಇಳಿಜಾರು ಕೊಡಿ. ದೊಡ್ಡದೇ ಬೇಕೆಂದರೆ ಗೋಡೆಯುದ್ದಕ್ಕೂ ಉದ್ದ ಜಾಲರಿ ಇಟ್ಟು ಒಂದೇ ದಿಕ್ಕಿನ ಇಳಿಜಾರು ಮಾಡಿಸಿ. ಟೈಲ್ಸ್ ನೀರು ಹೀರದಿದ್ದರೂ ಸಂದಿಯಿಂದ ನೀರು ಇಳಿಯುತ್ತದೆ, ಆದ್ದರಿಂದ ವಾಟರ್‌ಪ್ರೂಫಿಂಗ್ ಬಿಡುವ ಹಾಗಿಲ್ಲ. ಬಳಿದಾದ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಪಾರ್ಕಿಂಗ್ ಛಾವಣಿ ನೋಡಿ, ಆಮೇಲೆ ಟೈಲ್ಸ್.

ಅರಿಶಿನದ ಕಲೆ ಸಾಮಾನ್ಯವಾಗಿ ಟೈಲ್ಸಿಗಲ್ಲ, ಗ್ರೌಟಿಗೆ ಹಿಡಿಯುವುದು. ಅಡುಗೆಮನೆಯಲ್ಲಿ ಎಪಾಕ್ಸಿ ಗ್ರೌಟ್ ಹಾಕಿಸಿ. ಕಲಸಿದ ಮೇಲೆ ಅರ್ಧ ಗಂಟೆಯೊಳಗೆ ಮುಗಿಯುವಷ್ಟೇ ಕಲಸಲು ಹೇಳಿ. ಮೇಲೆ ಹರಡಿದ್ದನ್ನು ಒದ್ದೆ ಸ್ಕ್ರಬ್ಬರಿನಲ್ಲಿ ಅವತ್ತೇ ತೆಗೆಯದಿದ್ದರೆ ಮ್ಯಾಟ್ ಟೈಲ್ಸ್ ಮೇಲೆ ಎಣ್ಣೆ ಬಳಿದ ಹಾಗೆ ಉಳಿದುಬಿಡುತ್ತದೆ. ಸಿಮೆಂಟ್ ಗ್ರೌಟಿಗೆ ಅರಿಶಿನ ಹಿಡಿದರೆ ತೆಳು ಮಾಡಿದ ಬ್ಲೀಚ್ 10 ನಿಮಿಷ ಇಟ್ಟು ತೊಳೆಯಿರಿ. ಬ್ಲೀಚಿನ ಜೊತೆ ಯಾವುದೇ ಆಸಿಡ್ ಸೇರಿಸಬಾರದು, ಕ್ಲೋರಿನ್ ಅನಿಲ ಬಂದು ಉಸಿರುಗಟ್ಟುತ್ತದೆ. ಮನೆ ಒಕ್ಕಲಿನ ಮುಂಚೆ ಸಿಮೆಂಟ್ ಕಲೆ ತೆಗೆಯಲು ಕೆಲಸದವರು ಸುರಿಯುವ ಆಸಿಡ್ ಟೈಲ್ಸಿಗೆ ಏನೂ ಮಾಡದು, ಗ್ರೌಟನ್ನು ತಿಂದುಹಾಕುತ್ತದೆ. ಸಲ್ಫಾಮಿಕ್ ಆಸಿಡ್ ಪುಡಿಯನ್ನು ತೆಳುವಾಗಿ ಕಲಸಿ, ಮೊದಲು ಸಂದಿಗಳಿಗೆ ಬರೀ ನೀರು ಕುಡಿಸಿ, ಆಮೇಲೆ ಉಜ್ಜಿ ಕೂಡಲೇ ತೊಳೆಸಿ.

---

ತುಮಕೂರು_ಹೊಸಮನೆ

ಎಲ್ಲರಿಗೂ ಧನ್ಯವಾದ. ಅಡುಗೆ ಕಟ್ಟೆಗೆ ಸ್ಲ್ಯಾಬ್ ಜೊತೆ ಗ್ರಾನೈಟ್ ತುಂಡು ಇಡುವುದು ಮನೆಯವರಿಗೂ ಒಪ್ಪಿಗೆಯಾಯಿತು. ನೆಲದ ಬಗ್ಗೆ ಮೇಸ್ತ್ರಿ ಹೊಸ ಮಾತು ತೆಗೆದಿದ್ದಾರೆ: ಗಾರೆ ಹಸಿ ಇರುವಾಗಲೇ ಟೈಲ್ಸ್ ಬೆನ್ನಿಗೆ ಗಮ್ ಸವರಿ ಕೂರಿಸುತ್ತೇನೆ, 28 ದಿನ ಕಾಯುವುದು ಬೇಡ ಅಂತ. ಇದು ನಡೆಯುತ್ತಾ? ಜೊತೆಗೆ ಟೈಲ್ಸ್ ಬಂದಿಳಿದಾಗ ಏನೇನು ನೋಡಬೇಕು?

---

ಉತ್ತರ: ಸೈಟ್_ಇಂಜಿನಿಯರ್_ಬೆಂಗಳೂರು

ಸಿಮೆಂಟ್ ಹಾಲಿಗಿಂತ ಅದು ಮೇಲು. ಟೈಲ್ಸಿಗೆ ಅಂಟುವ ಸಮಸ್ಯೆ ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಹಸಿ ಗಾರೆ ಒಣಗುತ್ತಾ ತಾನೂ ಕುಗ್ಗುತ್ತದೆ, ಅಷ್ಟು ದೊಡ್ಡ ಟೈಲ್ಸ್ ತಟ್ಟಿ ಮಟ್ಟ ಮಾಡುವಾಗ ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುತ್ತದೆ. 600×600 ಆಗಿದ್ದರೆ, ಸಣ್ಣ ಕೋಣೆಯಾಗಿದ್ದರೆ ಹೂಂ ಅನ್ನಬಹುದಿತ್ತು. 32 ಅಡಿ ಹಾಲ್‌ಗೆ ಬೇಡ. ಪೂರ್ತಿ 28 ದಿನ ಆಗದಿದ್ದರೆ ಗಾರೆಗೆ 7 ದಿನ ನೀರು, ಆಮೇಲೆ ಕನಿಷ್ಠ ಒಂದು ವಾರ ಒಣಗಲು ಬಿಟ್ಟು ಎಸ್1 ಗಮ್ಮಿನಲ್ಲಿ ಹಾಕಿಸಿ. ಆ ಹೊತ್ತಿನಲ್ಲಿ ಪೇಂಟಿಂಗಿನ ಮೊದಲ ಕೈ, ವೈರಿಂಗ್ ಮುಗಿಸಿಕೊಳ್ಳಬಹುದು. ನೆಲ ಮುಗಿದ ಮೇಲೆ ಪುಟ್ಟಿ ಕೆಲಸ ಇಟ್ಟುಕೊಂಡರೆ ಏಣಿಯ ಕಾಲು, ಉದುರಿದ ಪುಟ್ಟಿ ಎಲ್ಲ ಹೊಸ ಟೈಲ್ಸಿನ ಮೇಲೆಯೇ.

ಮಾಲಿನ ಲೆಕ್ಕ: ಈ ಅಳತೆ ಸಾಮಾನ್ಯವಾಗಿ ಪೆಟ್ಟಿಗೆಗೆ 2 ಬರುತ್ತದೆ, 15.5 ಚದರಡಿ. 640ಕ್ಕೆ 42 ಪೆಟ್ಟಿಗೆ ಬೇಕು, ಕತ್ತರಿಸಿ ಹೋಗುವುದು, ಒಡೆಯುವುದು ಸೇರಿಸಿ 46 ತರಿಸಿ. ಸ್ಕರ್ಟಿಂಗ್ ಇದರಲ್ಲೇ ಮಾಡುವುದಾದರೆ ಬೇರೆ ಲೆಕ್ಕ ಹಾಕಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ, ಶೇಡ್, ಕ್ಯಾಲಿಬರ್ (ಟೈಲ್ಸಿನ ನಿಖರ ಅಳತೆಯ ಗುರುತು) ಮೂರೂ ಎಲ್ಲ ಪೆಟ್ಟಿಗೆಯಲ್ಲೂ ಒಂದೇ ಇರಬೇಕು. ಇದನ್ನು ಲಾರಿ ಇಳಿಸುವಾಗಲೇ ನೋಡಿ, ಹಾಕಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಶೇಡ್ ಬೇರೆಯಾದರೆ ಸಂಜೆ ದೀಪದಲ್ಲಿ ಎದ್ದು ಕಾಣುತ್ತದೆ. ಕ್ಯಾಲಿಬರ್ ಬೇರೆಯಾದರೆ ಸಂದು ಸಾಲಿನಿಂದ ಸಾಲಿಗೆ ಅಗಲವಾಗುತ್ತಾ ಹೋಗುತ್ತದೆ.

ಎರಡು ಟೈಲ್ಸನ್ನು ಮುಖಕ್ಕೆ ಮುಖ ಹಚ್ಚಿ ನಿಲ್ಲಿಸಿ ಬದಿಯಿಂದ ನೋಡಿದರೆ ಎಷ್ಟು ಬಾಗಿದೆ ಗೊತ್ತಾಗುತ್ತದೆ. ತುದಿಯಲ್ಲಿ 2 ಎಂಎಂ ಸಂದು ಕಂಡರೆ ಆ ಪೆಟ್ಟಿಗೆ ಬೇರೆ ಇಡಿ. ಬೆನ್ನಿನ ಮೇಲೆ ಒಂದು ಹನಿ ನೀರಿಟ್ಟು 10 ನಿಮಿಷ ಬಿಡಿ: ಹನಿ ಹಾಗೇ ನಿಂತರೆ ವಿಟ್ರಿಫೈಡ್, ಒದ್ದೆ ಮಚ್ಚೆಯಾಗಿ ಹರಡಿದರೆ ಅದು ಸೆರಾಮಿಕ್. ಅಮೃತಶಿಲೆಯ ಚಿತ್ರವಿದ್ದರೆ ಒಂದೇ ಚಿತ್ರ ಎಷ್ಟು ಟೈಲ್ಸಿಗೊಮ್ಮೆ ಮರುಕಳಿಸುತ್ತದೆ ಕೇಳಿ. ಹತ್ತು ಪೆಟ್ಟಿಗೆ ಬಿಚ್ಚಿ ನೆಲದ ಮೇಲೆ ಒಣಗೇ ಹರಡಿ, ಒಂದೇ ಗೆರೆ ಪಕ್ಕಪಕ್ಕ ಬಾರದ ಹಾಗೆ ಹೊಂದಿಸಿ, ಬೆನ್ನಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯಲು ಹೇಳಿ.

ಹಾಕುವಾಗ ಲೆವೆಲಿಂಗ್ ಕ್ಲಿಪ್ಪು (ಅಕ್ಕಪಕ್ಕದ ಟೈಲ್ಸಿನ ಅಂಚನ್ನು ಸಮವಾಗಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪು) 1200ರ ಬದಿಗೆ 3ರಿಂದ 4, 600ರ ಬದಿಗೆ 2. ಮಾರನೇ ದಿನ ಸಂದಿನ ಉದ್ದಕ್ಕೆ ಒದ್ದು ಮುರಿಯಬೇಕು, ಅಡ್ಡ ಒದ್ದರೆ ಟೈಲ್ಸಿನ ಅಂಚು ಕಿತ್ತು ಬರುತ್ತದೆ. 24 ಗಂಟೆ ಯಾರೂ ಕಾಲಿಡಬಾರದು, ಗ್ರೌಟ್ ಅದರ ನಂತರ.

ಮೊದಲ ದಿನ, ಮೂರನೇ ಟೈಲ್ಸ್ ಕೂರಿಸಿದ ಕೂಡಲೇ ಅದನ್ನು ಸಕ್ಷನ್ ಕಪ್ಪಿನಲ್ಲಿ ಎತ್ತಿಸಿ ಬೆನ್ನು ನೋಡಿ. ನೂರರಲ್ಲಿ 80 ಭಾಗಕ್ಕಿಂತ ಹೆಚ್ಚು, ಮುಖ್ಯವಾಗಿ ನಾಲ್ಕೂ ಮೂಲೆಗೆ, ಗಮ್ ಚಪ್ಪಟೆಯಾಗಿ ಅಂಟಿರಬೇಕು. ಗೆರೆಗೆರೆಯಾಗಿಯೇ ಉಳಿದಿದ್ದರೆ ಒತ್ತಿದ್ದು ಸಾಲದು ಅಥವಾ ಗಮ್ ಕೆನೆಗಟ್ಟಿದೆ. ಬಚ್ಚಲುಮನೆಯಲ್ಲಿ ಈ ಪ್ರಮಾಣ 95 ಇರಬೇಕು. ಆಮೇಲೆ ದಿನಕ್ಕೆ ಒಂದು ಬಾರಿಯಾದರೂ, ಹೇಳದೆ, ಯಾವುದಾದರೂ ಒಂದನ್ನು ಎತ್ತಿಸುತ್ತಿರಿ. ಉಳಿದ ಪೆಟ್ಟಿಗೆ ಎರಡಾದರೂ ಮೇಲಟ್ಟದಲ್ಲಿ ನಿಲ್ಲಿಸಿಟ್ಟುಕೊಳ್ಳಿ, ಇದೇ ಶೇಡ್ ಮುಂದಿನ ವರ್ಷ ಅಂಗಡಿಯಲ್ಲಿ ಸಿಗುವುದು ಕಷ್ಟ.